ಡಾಕ್ಟರ್ ನೆಂಟರಿಲ್ಲದವರು

ಸ್ವಲ್ಪ ದೊಡ್ಡ ಬಳಗ ಇರುವ ಮನೆತನಗಳಲ್ಲಿ ಒಬ್ಬರಾದರೂ ಡಾಕ್ಟರ್ ನೆಂಟರು ಇರುತ್ತಾರೆ. ಅತ್ತಿಗೆಯ ತಮ್ಮ, ಚಿಕ್ಕಮ್ಮನ ಮಗಳು, ಬೀಗರ ಕಡೆಯ ಅಳಿಯ, ಹೀಗೆ ಯಾವುದೋ ಒಂದು ಎಳೆ ಹಿಡಿದು ಹೋದರೆ ಸಿಕ್ಕೇ ಸಿಗುತ್ತಾರೆ. ಮದುವೆ ಮನೆಗೆ ಅವರು ಬಂದರೆಂದರೆ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ನಾಲ್ಕು ಜನ ಸುತ್ತ ನಿಂತಿರುತ್ತಾರೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರ ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ಮತ್ತೊಬ್ಬರಿಗೆ ಮಗಳ ತಲೆಸುತ್ತಿನ ಚಿಂತೆ. ವಾಟ್ಸಾಪ್ ಬಂದ ಮೇಲಂತೂ ರಾತ್ರಿ ಹತ್ತು ಗಂಟೆಗೂ ಅವರ ಫೋನಿಗೆ ಫೋಟೊಗಳು ಬರುತ್ತಲೇ ಇರುತ್ತವೆ. ಅಪ್ಪನ ರಕ್ತಪರೀಕ್ಷೆಯ ಹಾಳೆ, ಮಗುವಿನ ಬೆನ್ನಿನ ಗುಳ್ಳೆ, ಅರ್ಧ ಹರಿದ ಮಾತ್ರೆಯ ಪಟ್ಟಿ. "ಭಾವ, ಕ್ರಿಯಾಟಿನಿನ್ ಜಾಸ್ತಿ ಅಂತ ಬರೆದಿದ್ದಾರೆ, ಹೆದರೋ ಅಂಥದ್ದಾ?" ಎಂಬ ಒಂದು ಸಾಲು ಅದರ ಕೆಳಗೆ.

ಈ ನೆಂಟರು ಮಾಡುವ ಉಪಕಾರವೇನು ಎಂದು ಕೂತು ಯೋಚಿಸಿದ್ದೇನೆ. ಔಷಧಿ ಬರೆದುಕೊಡುವುದು ಅದರಲ್ಲಿ ಸಣ್ಣ ಪಾಲು. ಇದು ಹೆದರುವ ಕಾಯಿಲೆಯೋ ಅಲ್ಲವೋ ಎಂದು ನಮ್ಮ ಭಾಷೆಯಲ್ಲಿ ಹೇಳುತ್ತಾರೆ. ಹೆದರುವಂಥದ್ದಾದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ಹೇಳಿ, ಅಲ್ಲಿಗೆ ತಾವೇ ಒಂದು ಫೋನ್ ಮಾಡಿರುತ್ತಾರೆ. ಮೂರನೆಯ ದಿನ "ಜ್ವರ ಬಿಟ್ಟಿತಾ?" ಎಂದು ಕೇಳುತ್ತಾರೆ. ಮನೆಯವರ ಹಳೆಯ ಕಾಯಿಲೆಗಳೆಲ್ಲ ಅವರಿಗೆ ನೆನಪಿರುತ್ತವೆ. ಅಜ್ಜಿಗೆ ಪೆನಿಸಿಲಿನ್ ಆಗುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಮತ್ತೆ ಹೇಳಬೇಕಾಗಿಲ್ಲ.

ಈಗ ಇಂಥ ನೆಂಟರೇ ಇಲ್ಲದವರನ್ನು ನೆನೆಯಿರಿ. ಹೊಲದ ಕೂಲಿಯವರು, ಕಾಡಂಚಿನ ಹಾಡಿಯವರು, ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರು. ಅವರ ಬಳಗದಲ್ಲಿ ಡಾಕ್ಟರು ಹುಟ್ಟಲು ಇನ್ನೆಷ್ಟು ತಲೆಮಾರು ಬೇಕೋ. ಆಸ್ಪತ್ರೆಯ ಬಾಗಿಲಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತಿಳಿಯದೆ ಅವರು ಸೆಕ್ಯುರಿಟಿಯವರನ್ನು ಕೇಳುತ್ತಾರೆ. ಆರೋಗ್ಯಕ್ಕೆ ಇಂಟರ್ನೆಟ್ಟು, ಮಾಹಿತಿ ತಂತ್ರಜ್ಞಾನ ಎಂದು ಯಾರಾದರೂ ಮಾತು ತೆಗೆದಾಗ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈ ವ್ಯವಸ್ಥೆ ಇವರಿಗೊಬ್ಬ ಡಾಕ್ಟರ್ ನೆಂಟನನ್ನು ಕೊಟ್ಟಿತೇ?

ದೂರದಿಂದ ರೋಗಿಯನ್ನು ನೋಡುವ ಆಸೆಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ನೆದರ್ಲೆಂಡ್ಸ್ ದೇಶದ ಲೈಡನ್ ಎಂಬ ಊರಿನಲ್ಲಿ ವಿಲೆಮ್ ಐಂತೋವನ್ ಎಂಬ ವಿಜ್ಞಾನಿ ಇದ್ದರು. ಇಂದು ನಾವು ಇಸಿಜಿ ಎನ್ನುವ ಪರೀಕ್ಷೆಗೆ ಬುನಾದಿ ಹಾಕಿ, 1924ರಲ್ಲಿ ನೊಬೆಲ್ ಪಡೆದವರು. ಅವರ ಯಂತ್ರ ಇನ್ನೂರೈವತ್ತು ಕಿಲೋಗೂ ಮಿಗಿಲಾದ ಭಾರದ್ದು. ಅದನ್ನು ನಡೆಸಲು ಹಲವು ಜನ ಬೇಕಿತ್ತು, ಪ್ರಯೋಗಾಲಯದಿಂದ ಅಲ್ಲಾಡಿಸುವಂತಿರಲಿಲ್ಲ. ರೋಗಿಗಳಿದ್ದದ್ದು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ. ಹೃದಯದ ರೋಗಿಗಳನ್ನು ಎಬ್ಬಿಸಿ ನಡೆಸಿಕೊಂಡು ಬರುವುದು ಹೇಗೆ? 1905ರಲ್ಲಿ ಅವರು ಟೆಲಿಫೋನ್ ತಂತಿಯನ್ನೇ ಬಳಸಿಕೊಂಡರು. ರೋಗಿ ಆಸ್ಪತ್ರೆಯಲ್ಲೇ ಕುಳಿತು ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಇಳಿಬಿಟ್ಟರೆ, ಅವರ ಎದೆಬಡಿತದ ವಿದ್ಯುತ್ತು ತಂತಿಯಲ್ಲಿ ಹರಿದು ಪ್ರಯೋಗಾಲಯದಲ್ಲಿ ಗೆರೆಯಾಗಿ ಮೂಡಿತು. ಅದಕ್ಕೆ ಅವರು ಟೆಲಿಕಾರ್ಡಿಯೋಗ್ರಾಮ್ ಎಂದು ಹೆಸರಿಟ್ಟರು. ನನಗೆ ಈ ಕತೆಯಲ್ಲಿ ಐಂತೋವನ್ ಎಷ್ಟು ಮುಖ್ಯವೋ, ಆ ತುದಿಯಲ್ಲಿ ರೋಗಿಯ ಪಕ್ಕ ನಿಂತು ಉಪ್ಪುನೀರು ತುಂಬಿ, "ಹೆದರಬೇಡಿ, ಕೈ ಅಲ್ಲೇ ಇಡಿ" ಎಂದಿರಬಹುದಾದ ಆಸ್ಪತ್ರೆಯ ಸಹಾಯಕರೂ ಅಷ್ಟೇ ಮುಖ್ಯ. ಇಂಥವರ ಹೆಸರು ಚರಿತ್ರೆಯಲ್ಲಿ ಸಿಗುವುದಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ರಾಜ್ಯದಲ್ಲಿ ಈ ಕೆಲಸ ಆಕಾಶದ ದಾರಿಯಿಂದ ಬಂತು. ಇಸ್ರೋದವರು 2001ರ ಹೊತ್ತಿಗೆ ಉಪಗ್ರಹದ ಮೂಲಕ ಆಸ್ಪತ್ರೆಗಳನ್ನು ಜೋಡಿಸುವ ಪ್ರಯೋಗ ಆರಂಭಿಸಿದ್ದರು. ಕರ್ನಾಟಕದಲ್ಲಿ ಮೊದಲು ಸೇರಿದ್ದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ. ಬೆಂಗಳೂರಿನ ತುದಿಯಲ್ಲಿ ನಾರಾಯಣ ಹೃದಯಾಲಯ. ಸರಗೂರಿನ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು, ಜೇನುಕುರುಬರ ಹಾಡಿಗಳ ನಡುವೆ ಕೆಲಸ ಮಾಡುತ್ತ ಬಂದವರು. ಕಬಿನಿ ಹಿನ್ನೀರಿನ ಆಚೆಯಿಂದ ಎದೆನೋವೆಂದು ಬಂದವರ ಇಸಿಜಿಯನ್ನು ಬೆಂಗಳೂರಿನ ಹೃದಯತಜ್ಞರು ಪರದೆಯ ಮೇಲೆ ನೋಡಿ ಹೇಳುವುದೆಂದರೆ, ಆ ಕಾಲದಲ್ಲಿ ಅದು ಎಷ್ಟು ದೊಡ್ಡ ಸಂಗತಿ! ಆಗ ಹಳ್ಳಿಗೆ ಎಸ್‌ಟಿಡಿ ಬೂತು ಬಂದದ್ದೇ ಹೆಚ್ಚು. ಪ್ರಯೋಗಕ್ಕೆ ಆರಿಸಿದ ಜಾಗ ನನಗೆ ತುಂಬ ಹಿಡಿಸುತ್ತದೆ. ದೊಡ್ಡ ಪೇಟೆಗಳನ್ನು ಬಿಟ್ಟು ಗಡಿಯ ಜಿಲ್ಲೆಗೆ, ಕಾಡಂಚಿಗೆ ಹೋದರಲ್ಲ, ಆ ಆಯ್ಕೆಯಲ್ಲೇ ಅರ್ಧ ನ್ಯಾಯ ಇತ್ತು.

ಇನ್ನು ನನ್ನ ಮೆಚ್ಚಿನ ಕತೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಿಂಗಳು ತುಂಬದೆ ಹುಟ್ಟಿದ ಕೂಸು ಇರುವ ಪ್ರತಿ ಮನೆಯವರೂ ತಿಳಿದಿರಬೇಕಾದದ್ದು.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಹಿಂದೆ ಇವುಗಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ಈಗ ಜಿಲ್ಲಾ ಕೇಂದ್ರಗಳಲ್ಲೂ ನವಜಾತ ಶಿಶುಗಳ ಘಟಕಗಳಿವೆ, ಬೆಚ್ಚಗಿಡುವ ಯಂತ್ರಗಳಿವೆ, ಆಮ್ಲಜನಕ ಇದೆ. ಒಂದೂವರೆ ಕಿಲೋ ತೂಗುವ ಕೂಸನ್ನೂ ಉಳಿಸಿಕೊಳ್ಳುತ್ತಾರೆ. ಉಳಿಸಿಕೊಂಡ ಮೇಲೆ ಕಾಣದಂತೆ ಒಂದು ಅಪಾಯ ಬರುತ್ತದೆ. ಗರ್ಭದಲ್ಲಿರುವಾಗ ಕಣ್ಣಿನ ಒಳಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಬೆಳೆಯುತ್ತಿರುತ್ತವೆ. ಅಂಚು ಮುಟ್ಟುವುದು ದಿನ ತುಂಬುವ ಹೊತ್ತಿಗೆ. ಬೇಗ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಿನ ಆಮ್ಲಜನಕ ಅದನ್ನು ಇನ್ನಷ್ಟು ಕೆಡಿಸುತ್ತದೆ. ಆಮೇಲೆ ನಾಳಗಳು ದಿಕ್ಕೆಟ್ಟು ಬೆಳೆದು, ಸೋರಿ, ಗಾಯದ ಪೊರೆ ಕಟ್ಟಿ, ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. ಸ್ಟೀವಿ ವಂಡರ್ ಎಂಬ ಅಮೆರಿಕದ ಮಹಾ ಗಾಯಕ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ; 1950ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸು ಅವರು.

ಈ ಕಾಯಿಲೆಯಲ್ಲಿ ಹೊಟ್ಟೆ ಉರಿಯುವ ಸಂಗತಿಯೆಂದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ಮಗು ಅಳುವುದಿಲ್ಲ. ಬಾಣಂತಿ ಮಗುವನ್ನು ಮನೆಗೆ ಕರೆತಂದು ಎಣ್ಣೆ ನೀರು ಹಾಕಿಕೊಂಡು ಸಂಭ್ರಮದಲ್ಲಿರುತ್ತಾಳೆ. ಐದಾರು ತಿಂಗಳಾದರೂ ಮಗು ತನ್ನ ಮುಖ ನೋಡಿ ನಗುವುದಿಲ್ಲವಲ್ಲ ಎಂದು ಅವಳಿಗೆ ಅನುಮಾನ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಹುಟ್ಟಿದ ಮೂವತ್ತು ದಿನದೊಳಗೆ ಒಮ್ಮೆ ಕಣ್ಣಿನೊಳಗೆ ನೋಡಿ, ಬೇಕಾದರೆ ಎರಡು ಮೂರು ದಿನದೊಳಗೆ ಲೇಸರ್ ಮಾಡಿಬಿಟ್ಟರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ಆ ಪರೀಕ್ಷೆ ಮಾಡಬಲ್ಲ ತಜ್ಞರು ಕೆಲವೇ ಜನ, ಅವರಿರುವುದು ದೊಡ್ಡ ಊರುಗಳಲ್ಲಿ. ಹದಿನೈದು ದಿನದ ಬಾಣಂತಿಯನ್ನೂ ಒಂದೂವರೆ ಕಿಲೋದ ಮಗುವನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಬನ್ನಿ ಎಂದರೆ ಯಾರು ಬರುತ್ತಾರೆ? ಕೂಲಿ ಬಿಟ್ಟು ಜೊತೆಗೆ ಯಾರು ಹೊರಡುತ್ತಾರೆ? ನೋಡಲು ಏನೂ ಆಗದ ಮಗುವನ್ನು ಥಂಡಿಗಾಳಿಯಲ್ಲಿ ಯಾಕೆ ಎತ್ತಿಕೊಂಡು ಹೋಗುತ್ತೀರಿ ಎಂದು ಮನೆಯ ಹಿರಿಯರೇ ತಡೆಯುತ್ತಾರೆ.

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಕಂಡುಕೊಂಡರು. ಕಿಡ್‌ರಾಪ್ ಎಂದು ಅದರ ಹೆಸರು. ನೇತ್ರತಜ್ಞರಲ್ಲದ ತಂತ್ರಜ್ಞರಿಗೆ ಮಗುವಿನ ಕಣ್ಣಿನೊಳಗಿನ ಚಿತ್ರ ತೆಗೆಯುವ ಕೆಲಸವನ್ನು ಚೆನ್ನಾಗಿ ಕಲಿಸಿದರು. ಆ ತಂಡ ಕ್ಯಾಮೆರಾವನ್ನು ಗಾಡಿಯಲ್ಲಿಟ್ಟುಕೊಂಡು ಗೊತ್ತುಮಾಡಿದ ದಿನ ಗೊತ್ತುಮಾಡಿದ ಆಸ್ಪತ್ರೆಗೆ ಹೋಗುತ್ತದೆ. ಹೊಸದಾಗಿ ಹುಟ್ಟಿದ ಮಕ್ಕಳು ಅಲ್ಲೇ ಇರುತ್ತವೆ. ಹಿಂದೆ ಮನೆಗೆ ಹೋದವರು ಆ ದಿನಕ್ಕೆ ಮರಳಿ ಬರುತ್ತಾರೆ. ಕಣ್ಣಿಗೆ ಹನಿ ಹಾಕಿ, ರೆಪ್ಪೆ ಬಿಡಿಸಿ, ಚಿತ್ರ ತೆಗೆದು ಇಂಟರ್ನೆಟ್ಟಿಗೆ ಏರಿಸಿದರೆ ದೂರದ ತಜ್ಞರು ತಮ್ಮ ಫೋನಿನಲ್ಲೇ ಅದನ್ನು ನೋಡಿ ವರದಿ ಕಳಿಸುತ್ತಾರೆ. ಚಿತ್ರ ತೆಗೆದ ತಂತ್ರಜ್ಞರೇ ಅಲ್ಲಿಯೇ ಮೂರು ಬಣ್ಣದಲ್ಲಿ ವಿಂಗಡಿಸುವಂತೆಯೂ ತರಬೇತಿ ಕೊಟ್ಟರು. ಕೆಂಪು ಎಂದರೆ ತಡಮಾಡುವಂತಿಲ್ಲ, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ನಿಶ್ಚಿಂತೆಯಿಂದ ಮನೆಗೆ. ಆ ಬಾಣಂತಿ ತನ್ನ ಮಗುವಿನದು ಯಾವ ಬಣ್ಣವೆಂದು ತಿಳಿದುಕೊಂಡೇ ಊರಿನ ಬಸ್ಸು ಹತ್ತುತ್ತಾಳೆ. ಲೇಸರ್ ಬೇಕಾದ ಮಗುವಿಗೆ ಆದಷ್ಟೂ ಅಲ್ಲಿಯೇ ಚಿಕಿತ್ಸೆ ಸಿಗುವಂತೆ ವೈದ್ಯರೇ ಹೊರಟು ಬರುತ್ತಾರೆ. ಮುಂದೆ ಸರ್ಕಾರವೂ ಕೈಜೋಡಿಸಿತು. ದಕ್ಷಿಣದ ಕೆಲವು ಜಿಲ್ಲೆಗಳಿಂದ ಶುರುವಾದದ್ದು ಉತ್ತರ ಕರ್ನಾಟಕಕ್ಕೂ ಹಬ್ಬಿತು. ಹೊರದೇಶದಿಂದ ತರಿಸುವ ಆ ಕ್ಯಾಮೆರಾ ಬಲು ದುಬಾರಿ. ಬೆಂಗಳೂರಿನದೇ ಆದ ಫೋರಸ್ ಹೆಲ್ತ್ ಎಂಬ ಕಂಪನಿ ಆಮೇಲೆ ಹಸುಳೆಗಳ ಕಣ್ಣಿಗೆಂದೇ ಕಡಿಮೆ ಬೆಲೆಯ ಕ್ಯಾಮೆರಾ ಮಾಡಿತು.

ನಾನು ಇದನ್ನು ಇಷ್ಟೊಂದು ಹೊಗಳಲು ಕಾರಣವಿದೆ. ಇದರಲ್ಲಿ ಇಂಟರ್ನೆಟ್ಟಿನ ಪಾಲು ಚಿತ್ರವನ್ನು ಒಂದೂರಿನಿಂದ ಇನ್ನೊಂದೂರಿಗೆ ದಾಟಿಸುವಷ್ಟು ಮಾತ್ರ. ಉಳಿದದ್ದೆಲ್ಲ ಮನುಷ್ಯರು ಮಾಡಿದ್ದು. ಗಾಡಿ ಓಡಿಸಿದವರು, ಅಳುವ ಕೂಸನ್ನು ಹದವಾಗಿ ಹಿಡಿದ ನರ್ಸಮ್ಮ, "ಗುರುವಾರ ಕಣ್ಣಿನವರು ಬರ್ತಾರೆ, ಮರೀಬೇಡವ್ವ" ಎಂದು ಮನೆಗೆ ಫೋನ್ ಮಾಡುವವರು, ಲೇಸರ್ ಹೊತ್ತು ಬರುವ ಡಾಕ್ಟರು. ಚಿತ್ರ ನೋಡಿ ಕಾಯಿಲೆ ಇದೆ ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಅದರಿಂದ ತಾಯಿಗೆ ದುಃಖ ಹೆಚ್ಚುತ್ತಿತ್ತೇ ಹೊರತು ಮಗುವಿಗೆ ಕಣ್ಣು ಬರುತ್ತಿರಲಿಲ್ಲ. ಡಾಕ್ಟರ್ ನೆಂಟರು ಹೇಳಿ ಸುಮ್ಮನಾಗುವುದಿಲ್ಲ ಎಂದೆನಲ್ಲ, ಅದು ಇದೇ.

ಎದೆನೋವಿನ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು. ಹೃದಯದ ರಕ್ತನಾಳ ಕಟ್ಟಿಕೊಂಡ ಸ್ವಲ್ಪ ಹೊತ್ತಿಗೇ ಹೃದಯದ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಬಿದ್ದರೆ ಜೀವ ಉಳಿಯುವ ಸಂಭವ ಬಹಳ. ನಮ್ಮಲ್ಲಿ ಎದೆ ಉರಿಯುತ್ತದೆಂದರೆ ಮೊದಲು ಗ್ಯಾಸು ಎನ್ನುತ್ತೇವೆ, ಸೋಡಾ ಕುಡಿಸುತ್ತೇವೆ, ಜೀರಿಗೆ ಕಷಾಯ ಕಾಸುತ್ತೇವೆ, ಬೆನ್ನು ಸವರುತ್ತೇವೆ. ಗ್ಯಾಸೋ ಹಾರ್ಟೋ ಎಂದು ಹೇಳಬಲ್ಲ ಇಸಿಜಿ ಯಂತ್ರ ಹತ್ತಿರದಲ್ಲಿರಬೇಕು. ಅದನ್ನು ಓದಬಲ್ಲವರು ಎಲ್ಲಿದ್ದರೂ ಸರಿ.

ಮಂಗಳೂರಿನ ಕೆಎಂಸಿಯ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಇದನ್ನೇ ಹಿಡಿದು ಹೊರಟರು. 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂದು ಶುರುಮಾಡಿ, ಊರೂರಿನ ವೈದ್ಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಕೊಡಿಸಿದರು. ವಾಟ್ಸಾಪ್ ಗುಂಪು ಕಟ್ಟಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೊ ಹಾಕುತ್ತಾರೆ, ತಜ್ಞರು ನೋಡಿ ಉತ್ತರ ಬರೆಯುತ್ತಾರೆ. ಮನೆಯವರು ಭಾವನಿಗೆ ರಿಪೋರ್ಟು ಕಳಿಸುವ ಪದ್ಧತಿಯೇ ಇದು, ಊರಿಗೆಲ್ಲ ಆಗುವಷ್ಟು ದೊಡ್ಡದಾಯಿತು. ಮಳೆಗಾಲದಲ್ಲಿ ಘಾಟಿಯ ಗುಡ್ಡ ಜರಿದು ರಸ್ತೆ ಮುಚ್ಚುವ ಸೀಮೆಯಲ್ಲಿ, ಕೆಳಗಿಳಿಯಬೇಕೋ ಇಲ್ಲೇ ಔಷಧಿ ಕೊಟ್ಟು ಕಾಯಬೇಕೋ ಎಂಬ ತೀರ್ಮಾನಕ್ಕೆ ಇಂಥ ಒಂದು ಉತ್ತರ ಎಷ್ಟು ಬೆಲೆಬಾಳುತ್ತದೆಂದು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 46 ವರ್ಷ. ಆ ಶುಕ್ರವಾರ ಕರ್ನಾಟಕದ ಬೀದಿಗಳು ಹೇಗಿದ್ದವೆಂದು ಕಂಡವರು ಮರೆಯಲಾರರು. ಆಮೇಲೆ ಕೆಲವು ದಿನ ಯುವಕರೆಲ್ಲ ಇಸಿಜಿ ಮಾಡಿಸಲು ಸಾಲುಗಟ್ಟಿ ನಿಂತರು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಇಂಟರ್ನೆಟ್ ಮೂಲಕ ಹೋಗುತ್ತದೆ, ಕಂಪ್ಯೂಟರಿನ ಕೃತಕ ಬುದ್ಧಿ ಮತ್ತು ತಜ್ಞರು ಸೇರಿ ಅದನ್ನು ಓದುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಸಾವಿರಾರು ರೂಪಾಯಿ, ಬಡವರ ಕೈಗೆ ಎಟುಕದ್ದು. ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಈ ಯೋಜನೆಯಲ್ಲಿ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಆ ಇಂಜೆಕ್ಷನ್. ಕೃತಕ ಬುದ್ಧಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇದೆಯೇ, ರಾತ್ರಿ ಪಾಳಿಯಲ್ಲಿ ಅದನ್ನು ಕೊಡಲು ಧೈರ್ಯವಿರುವ ಡಾಕ್ಟರು ಇದ್ದಾರೆಯೇ ಎಂದು ಕೇಳುವವರು ಕಡಿಮೆ. ಕೇಳಬೇಕು.

ಕೊರೊನಾ ಬಂದಾಗ ಇಡೀ ದೇಶ ಒಂದೇ ಸಲ ಈ ದಾರಿ ಹಿಡಿಯಬೇಕಾಯಿತು. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್‌ಗೆ ಅಧಿಕೃತ ಮಾರ್ಗಸೂಚಿ ಹೊರಟಿತು. ಅದುವರೆಗೆ ಫೋನಿನಲ್ಲಿ ಔಷಧಿ ಹೇಳುವುದು ಕಾನೂನಿಗೆ ಒಪ್ಪಿಗೆಯೋ ಅಲ್ಲವೋ ಎಂದು ವೈದ್ಯರು ಹಿಂಜರಿಯುತ್ತಿದ್ದರು. ಯಾವ ಔಷಧಿಯನ್ನು ಬರೀ ಮಾತು ಕೇಳಿ ಬರೆಯಬಹುದು, ಯಾವುದಕ್ಕೆ ವಿಡಿಯೊದಲ್ಲಿ ನೋಡಬೇಕು, ಯಾವುದನ್ನು ಹೀಗೆ ಕೊಡಲೇ ಕೂಡದು ಎಂದು ಅದರಲ್ಲಿ ವಿಂಗಡಣೆ ಇದೆ. ಎದುರಿಗೆ ನೋಡಲೇಬೇಕೆಂದು ತೋರಿದರೆ ವೈದ್ಯರು ಹಾಗೆಂದು ಹೇಳಿ ನಿಲ್ಲಿಸಬಹುದು. ತುಂಬ ವಿವೇಕದಿಂದ ಬರೆದ ಕಾಗದವದು. ಏಪ್ರಿಲ್ 13ಕ್ಕೆ ಕೇಂದ್ರ ಸರ್ಕಾರದ ಇ-ಸಂಜೀವಿನಿಯಲ್ಲಿ ಜನರು ಮನೆಯಿಂದಲೇ ಡಾಕ್ಟರನ್ನು ಕಾಣುವ ಸೌಲಭ್ಯ ಬಂತು. ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ್ದು. 2023ರ ಆರಂಭಕ್ಕೆ ಅದರಲ್ಲಿ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದ್ದವು. ಹೆಚ್ಚು ಬಳಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇದರಲ್ಲಿ ಎರಡು ಬಗೆ ಇದೆ. ಒಂದು, ರೋಗಿ ತನ್ನ ಫೋನಿನಿಂದ ತಾನೇ ಡಾಕ್ಟರನ್ನು ಕಾಣುವುದು. ಇನ್ನೊಂದು, ಹಳ್ಳಿಯ ಉಪಕೇಂದ್ರಕ್ಕೆ ಹೋಗಿ, ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯ ಪಕ್ಕ ಕೂತು, ಅವರ ಮೂಲಕ ದೊಡ್ಡ ಡಾಕ್ಟರನ್ನು ಕಾಣುವುದು. ನನ್ನ ಓಟು ಎರಡನೆಯದಕ್ಕೆ. ಮೊದಲನೆಯದು ಓದಿದವರಿಗೆ, ಒಳ್ಳೆಯ ಫೋನು ಇರುವವರಿಗೆ ಸಾಕು. ಎಪ್ಪತ್ತು ವರ್ಷದ ಅಜ್ಜನ ಕೈಗೆ ಫೋನು ಕೊಟ್ಟು ಮಾತಾಡಿ ಎಂದರೆ ಅವರು ಪರದೆಯನ್ನು ಕಿವಿಗೆ ಹಿಡಿದುಕೊಳ್ಳುತ್ತಾರೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರೆ ಚಿತ್ರವೇ ಬೇರೆ.

"ಅಜ್ಜ, ಯಾವ್ ಮಾತ್ರೆ ತಗೋತಿದ್ದೀರಿ, ಹೇಳಿ ಡಾಕ್ಟರಿಗೆ."

"ಬಿಳೀದೊಂದು, ಕೆಂಪುದೊಂದು ಕಣವ್ವ. ಕೆಂಪುದು ಮುಗ್ದು ಎಂಟು ದಿನ ಆಯ್ತು."

"ಮುಗ್ದಿದ್ರೆ ಬಂದು ಇಸ್ಕೊಂಡು ಹೋಗೋದಲ್ವ? ತಾಳಿ, ಬಿಪಿ ನೋಡ್ತೀನಿ. ಡಾಕ್ಟ್ರೇ, ಕಾಲು ಊದಿಕೊಂಡಿದೆ, ಒತ್ತಿದ್ರೆ ಗುಳಿ ಬೀಳ್ತಾ ಇದೆ."

ಒತ್ತಿದರೆ ಗುಳಿ ಬೀಳುತ್ತದೆ ಎಂಬುದನ್ನು ಯಾವ ಕ್ಯಾಮೆರಾವೂ ಹೇಳಲಾರದು, ಬೆರಳು ಹೇಳಬೇಕು. ಹೊಟ್ಟೆ ಮೆತ್ತಗಿದೆಯೋ ಕಲ್ಲಿನಂತಿದೆಯೋ, ಮೈ ಬಿಸಿಯೋ ತಣ್ಣಗೋ, ಕೆಳರೆಪ್ಪೆ ಬಿಳಿಚಿದೆಯೋ, ಉಸಿರಿನಲ್ಲಿ ವಾಸನೆ ಇದೆಯೋ, ಇವೆಲ್ಲ ಪಕ್ಕದಲ್ಲಿ ಕೂತವರಿಗೆ ತಿಳಿಯುವ ಸಂಗತಿಗಳು. ಲೈಡನ್ನಿನಲ್ಲಿ ಉಪ್ಪುನೀರು ತುಂಬಿದವರ ಮಾತಿಗೆ ಆಮೇಲೆ ಬರುತ್ತೇನೆ ಎಂದಿದ್ದೆ; ಅವರ ಜಾಗದಲ್ಲಿ ಈಗ ಕೂತಿರುವುದು ಈ ಹೆಣ್ಣುಮಗಳು. ಟೆಲಿಮೆಡಿಸಿನ್ ಎಂದರೆ ಜಾಹೀರಾತಿನಲ್ಲಿ ಪರದೆಯೊಳಗಿನ ಡಾಕ್ಟರನ್ನು ತೋರಿಸುತ್ತಾರೆ. ರೋಗಿಯ ಪಕ್ಕದಲ್ಲಿರುವ ಆ ಹೆಣ್ಣುಮಗಳ ಓದು, ತರಬೇತಿ, ಸಂಬಳ, ಅವಳ ಮಾತಿಗೆ ಡಾಕ್ಟರು ಕೊಡುವ ಬೆಲೆ, ಇಷ್ಟು ಗಟ್ಟಿಯಾಗಿದ್ದಲ್ಲಿ ಈ ವ್ಯವಸ್ಥೆ ನಡೆಯುತ್ತದೆ. ಅವಳ ಕುರ್ಚಿ ಖಾಲಿ ಇದ್ದ ಕಡೆ ಎಷ್ಟು ವೇಗದ ನೆಟ್ ಹಾಕಿದರೂ ಅದು ಬಾಗಿಲು ಹಾಕಿದ ಕೋಣೆಯೇ.

ಆಶಾ ಕಾರ್ಯಕರ್ತೆಯರ ವಿಷಯ ಇಲ್ಲಿ ಎತ್ತದಿದ್ದರೆ ತಪ್ಪಾಗುತ್ತದೆ. ಬಸುರಿಯರ ಪಟ್ಟಿ, ಚುಚ್ಚುಮದ್ದಿನ ಪಟ್ಟಿ, ಕ್ಷಯದ ಔಷಧಿ ತಪ್ಪದೆ ನುಂಗಿದರೇ ಎಂಬ ವಿಚಾರಣೆ, ಮನೆಮನೆಯ ಸಮೀಕ್ಷೆ, ಎಲ್ಲವೂ ಅವರ ಕಾಲ್ನಡಿಗೆಯಿಂದಲೇ ಬರಬೇಕು. ನಾವು ಕಂಪ್ಯೂಟರಿನಲ್ಲಿ ನೋಡುವ ಆರೋಗ್ಯದ ಅಂಕಿಗಳೆಲ್ಲ ಮೊದಲು ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿ ಹುಟ್ಟುತ್ತವೆ. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದರು. ಗೌರವಧನದ ಬೇಡಿಕೆಯ ಜೊತೆಗೆ ಇನ್ನೊಂದು ದೂರಿತ್ತು: ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ. ಹೆರಿಗೆಗೆ ನಡುರಾತ್ರಿ ಜೊತೆಗೆ ಹೋಗಿ ಬಂದವಳ ದುಡಿಮೆ ಒಂದು ಕಂಪ್ಯೂಟರ್ ಪುಟದಲ್ಲಿ ಕಾಣಲಿಲ್ಲವೆಂದು ಇಲ್ಲವಾಗಬಹುದೇ? ತಂತ್ರಜ್ಞಾನ ಬಂದಾಗ ಯಾರ ಹೊರೆ ಇಳಿಯಿತು, ಯಾರ ಹೊರೆ ಏರಿತು ಎಂದು ನೋಡಲೇಬೇಕು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮತ್ತೆ ಆಪ್‌ನಲ್ಲಿ ತುಂಬಿಸಿ, ಅದನ್ನೇ ಇನ್ನೊಂದು ಆಪ್‌ಗೆ ಹಾಕಿಸುವುದನ್ನು ಸುಧಾರಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾಗದಪತ್ರಗಳ ಮಾತು ಬಂದರೆ, ನಮ್ಮ ಮನೆಗಳಲ್ಲಿ ಬಟ್ಟೆ ಅಂಗಡಿಯ ಹಳೆಯ ಕವರಿನಲ್ಲಿ ಬೀರುವಿನ ಮೇಲೆ ಕೂತಿರುವ ಆಸ್ಪತ್ರೆಯ ಫೈಲುಗಳಿವೆಯಲ್ಲ, ಅವುಗಳಲ್ಲಿ ಒಂದು ಜೀವನಚರಿತ್ರೆಯೇ ಇರುತ್ತದೆ. ಬೇಕಾದಾಗ ಬೇಕಾದ ಚೀಟಿ ಮಾತ್ರ ಸಿಗುವುದಿಲ್ಲ. ಮಾಡಿದ ಪರೀಕ್ಷೆಯನ್ನೇ ಹೊಸ ಆಸ್ಪತ್ರೆಯಲ್ಲಿ ಮತ್ತೆ ಮಾಡುತ್ತಾರೆ, ಮತ್ತೆ ದುಡ್ಡು. ಇದಕ್ಕೆಂದು 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂತು. ಆಭಾ ಎಂಬ 14 ಅಂಕಿಯ ಸಂಖ್ಯೆ, ಅದರ ಕೆಳಗೆ ಒಬ್ಬರ ದಾಖಲೆಗಳೆಲ್ಲ ಒಂದೆಡೆ, ನೋಡಲು ಅವರ ಒಪ್ಪಿಗೆ ಬೇಕು. ಕೆಲಸಕ್ಕಾಗಿ ಊರು ಬದಲಿಸುತ್ತಲೇ ಇರುವವರಿಗೆ ಇದು ದೊಡ್ಡ ಆಸರೆಯಾಗಬಲ್ಲದು. ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದ ಕೂಲಿಕಾರ ಊರು ಬಿಟ್ಟರೆ, ಹೋದೂರಿನ ಆಸ್ಪತ್ರೆಗೆ ಅವನ ಔಷಧಿಯ ಲೆಕ್ಕ ತಿಳಿಯುವಂತೆ ನಿಕ್ಷಯ್ ಎಂಬ ವ್ಯವಸ್ಥೆ 2012ರಿಂದಲೇ ಇದೆ.

ನನ್ನ ಎದೆಯಲ್ಲಿ ಅಳುಕೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ಬೀಗ ಜಡಿದರು. ಸುಮಾರು ಎರಡು ವಾರ ಅಷ್ಟು ದೊಡ್ಡ ಆಸ್ಪತ್ರೆ ಮತ್ತೆ ಕಾಗದ ಪೆನ್ನು ಹಿಡಿದು ನಡೆಯಬೇಕಾಯಿತು. ಬೀರುವಿನ ಮೇಲಿನ ಫೈಲನ್ನು ಕದಿಯಲು ಕಳ್ಳ ನಮ್ಮ ಮನೆಗೇ ಬರಬೇಕು. ಇಲ್ಲಿ ಒಂದು ಬಾಗಿಲು ಮುರಿದರೆ ಲಕ್ಷಾಂತರ ಜನರ ಗುಟ್ಟು ಹೊರಗೆ. ಒಬ್ಬ ಹೆಣ್ಣುಮಗಳ ಗರ್ಭಪಾತ, ಒಬ್ಬನ ಎಚ್‌ಐವಿ, ಇನ್ನೊಬ್ಬರು ಮಾನಸಿಕ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ, ಇವು ಸಂಬಂಧ ಕೂಡಿಸುವವರ ಕಿವಿಗೋ ಕೆಲಸ ಕೊಡುವವರ ಕಿವಿಗೋ ಬಿದ್ದರೆ ಬದುಕೇ ಮುರಿಯುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯಿದೆ ಬಂದಿದೆ. ಆದರೂ ಆಸ್ಪತ್ರೆಯ ಕೌಂಟರಿನಲ್ಲಿ "ಒಟಿಪಿ ಹೇಳಿ, ಬೇಗ" ಎಂದು ಕೇಳಿ ಪಡೆಯುವುದನ್ನು ಒಪ್ಪಿಗೆ ಎನ್ನಬಾರದು. ಇದು ಏತಕ್ಕೆ, ಯಾರು ನೋಡುತ್ತಾರೆ, ಬೇಡವೆಂದರೆ ಏನಾಗುತ್ತದೆ ಎಂದು ಕನ್ನಡದಲ್ಲಿ ಎರಡು ಮಾತು ಹೇಳಿ, ಅವರು ತಲೆಯಾಡಿಸಿದ ಮೇಲೆ ಕೇಳಬೇಕು.

ಕನ್ನಡದಲ್ಲಿ ಎಂದೆ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ 'ತಾಯಿ-ಮಗು' ಬರೆದರು. ಬಸುರಿಗೆ, ಬಾಣಂತಿಗೆ ಏನಾಗುತ್ತದೆ, ಏಕೆ ಆಗುತ್ತದೆ ಎಂದು ಸಂಕೋಚವಿಲ್ಲದೆ ತಿಳಿಸಿದ ಆ ಪುಸ್ತಕ ಮನೆಮನೆಯಲ್ಲಿ ಓದಿಸಿಕೊಂಡಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ದೆವ್ವವೆಂದು ಮಂತ್ರವಾದಿಯ ಬಳಿ ಹೋಗುತ್ತಿದ್ದ ಎಷ್ಟೋ ಮನೆಯವರನ್ನು ಆಸ್ಪತ್ರೆಯ ಕಡೆ ತಿರುಗಿಸಿದರು. ಇವರೂ ಡಾಕ್ಟರ್ ನೆಂಟರೇ, ಅಚ್ಚಿನ ಮೂಲಕ ಬಂದವರು. ಈಗ ಫೋನಿನಲ್ಲಿ ಕನ್ನಡದ ಆರೋಗ್ಯ ಸಲಹೆಗಳಿಗೆ ಕೊರತೆ ಇಲ್ಲ. ಸಕ್ಕರೆ ಕಾಯಿಲೆಗೆ ಈ ಸೊಪ್ಪು ತಿಂದು ಮಾತ್ರೆ ಬಿಡಿ, ಕಿಡ್ನಿ ಕಲ್ಲಿಗೆ ಈ ಬೇರು ಸಾಕು ಎಂದು ಬರುವ ವಿಡಿಯೊ ನಂಬಿ ಇನ್ಸುಲಿನ್ ಬಿಟ್ಟವರಿದ್ದಾರೆ. ಅದಕ್ಕೆ ಮದ್ದು ಸರಿಯಾದದ್ದನ್ನು ಅಷ್ಟೇ ಸೊಗಸಾಗಿ ಕನ್ನಡದಲ್ಲಿ ಹೇಳುವವರು ಹೆಚ್ಚಾಗುವುದು. ಬೀದರಿನ ಕನ್ನಡದಲ್ಲಿ, ಕುಂದಾಪುರದ ಕನ್ನಡದಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಮನಸ್ಸಿನ ಕಾಯಿಲೆಗಂತೂ ಭಾಷೆಯೇ ಅರ್ಧ ಚಿಕಿತ್ಸೆ. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ಸಹಾಯವಾಣಿ ಶುರುವಾಯಿತು. ದೇಶಕ್ಕೆಲ್ಲ ಅದರ ಕೇಂದ್ರ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯವರದು. 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡ ಆರಿಸಿಕೊಂಡರೆ ತರಬೇತಾದವರು ಕನ್ನಡದಲ್ಲಿ ಮಾತಾಡುತ್ತಾರೆ. ಸ್ಮಾರ್ಟ್‌ಫೋನೂ ಬೇಡ, ನೆಟ್ಟೂ ಬೇಡ, ಹಳೆಯ ಬಟನ್ ಫೋನು ಸಾಕು. ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟ ರೈತ, ಫಲಿತಾಂಶಕ್ಕೆ ಹೆದರಿದ ಪಿಯುಸಿ ಹುಡುಗಿ, ಹೆರಿಗೆಯಾದ ಮೇಲೆ ಕಾರಣವಿಲ್ಲದೆ ಅಳು ಬರುವ ಬಾಣಂತಿ, ಯಾರು ಬೇಕಾದರೂ. ಇಂಥ ನಂಬರು ಕಚೇರಿಯ ಕಡತದಲ್ಲಿ ಕೂತರೆ ಪ್ರಯೋಜನವಿಲ್ಲ. ಹಾಲಿನ ಡೇರಿಯ ಗೋಡೆ, ಗೊಬ್ಬರದಂಗಡಿಯ ಬಾಗಿಲು, ಹಾಸ್ಟೆಲಿನ ಮೆಟ್ಟಿಲು, ಬಸ್ ನಿಲ್ದಾಣದ ಕಂಬ, ಇಂಥ ಜಾಗಗಳಲ್ಲಿ ಬಣ್ಣದಲ್ಲಿ ಬರೆಸಬೇಕು. ನಮ್ಮ ಬೀದಿಯ ಡೇರಿಯವರನ್ನು ಕೇಳಿದೆ. ಗೋಡೆ ಕೊಡಲು ಒಪ್ಪಿದ್ದಾರೆ. ಬರೆಯಲು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಭಾನುವಾರ ಬರುತ್ತೇನೆಂದಿದ್ದಾರೆ, ಬಣ್ಣದ ಖರ್ಚು ನನ್ನದು.